ವಿಂಡೋಸ್ 11 ಫ್ರೀ. ಆದ್ರೆ ಮೊದಲು ದೊಡ್ಡಪ್ಪನ ನುಡಿ ಫೈಲ್ ಎತ್ತಿಡಿ

[ದೃಶ್ಯ: ಜಗಲಿ ಮೂಲೆಯಲ್ಲಿ ಡೆಸ್ಕ್‌ಟಾಪ್, ಮಾನಿಟರ್ ಮೇಲೆ ಕಸೂತಿ ಬಟ್ಟೆ. ಕೆಳಗೆ ಯುಪಿಎಸ್. ಹೊರಗೆ ಜೋರು ಮಳೆ.]

ಟೀಂ... ಟೀಂ... ಟೀಂ... ಈ ಸದ್ದು ಶಿರಸಿ ಕಡೆಯವರಿಗೆ ಪರಿಚಯ ಮಾಡಿಕೊಡಬೇಕಿಲ್ಲ. ಕರೆಂಟ್ ಹೋಗಿದೆ, ಯುಪಿಎಸ್ ಕೂಗುತ್ತಿದೆ.

ನನ್ನ ಡೆಸ್ಕ್‌ಟಾಪ್‌ಗೆ ವಿಂಡೋಸ್ 11 ಹಾಕಿದ್ದು ಒಂದು ಜುಲೈ ಮಧ್ಯಾಹ್ನ. ಹೊರಗೆ ಇದೇ ಥರ ಮಳೆ. ಸ್ಕ್ರೀನ್ ಮೇಲೆ 71 ಪರ್ಸೆಂಟ್ ಅಂತ ಬಂದಿತ್ತು. ಕರೆಂಟ್ ಹೋಯಿತು. ಯುಪಿಎಸ್ ಇದೆಯಲ್ಲ ಅಂತ ನಾನು ಧೈರ್ಯವಾಗಿ ಚಹಾ ಕುಡಿಯುತ್ತಾ ಕೂತಿದ್ದೆ. ಅದು ನಾಲ್ಕು ಸಲ ಕೂಗಿ, ಐದನೇ ಸಲಕ್ಕೆ ಸುಮ್ಮನಾಯಿತು. ಬ್ಯಾಟರಿ ಯಾವತ್ತೋ ಸತ್ತಿತ್ತು, ನಾನು ನೋಡಿರಲಿಲ್ಲ ಅಷ್ಟೇ.

ಕರೆಂಟ್ ಬಂದ ಮೇಲೆ ಕಂಪ್ಯೂಟರ್ ತಾನೇ ಹಿಂದಕ್ಕೆ ಹೋಗಿ ಹಳೇ ವಿಂಡೋಸ್ 10 ಅನ್ನೇ ಎಬ್ಬಿಸಿಕೊಂಡಿತು. ನನ್ನ ಪುಣ್ಯ. ಏನೂ ಕಳೆದುಹೋಗಲಿಲ್ಲ. ಆದರೆ ಆ ಒಂದು ಗಂಟೆ ಎದೆ ಢವಢವ ಅನ್ನುತ್ತಿತ್ತು. ಯಾಕೆಂದರೆ ನಾನು ಒಂದೇ ಒಂದು ಫೋಟೋನೂ ಬೇರೆ ಕಡೆ ಕಾಪಿ ಮಾಡಿಟ್ಟಿರಲಿಲ್ಲ.

ಹಾಗಾಗಿ ಈ ವಿಡಿಯೋದಲ್ಲಿ ಅಪ್‌ಗ್ರೇಡ್ ಬಟನ್ ಬಗ್ಗೆ ಕಡಿಮೆ ಮಾತು. ಅದನ್ನು ಒತ್ತುವುದು ಯಾರಿಗೂ ಕಷ್ಟ ಅಲ್ಲ. ಒತ್ತುವ ಮುಂಚೆ ಏನು ಮಾಡಬೇಕು ಅನ್ನುವುದೇ ಜಾಸ್ತಿ.

[ದೃಶ್ಯ: ಟೈಟಲ್]

ನಮಸ್ಕಾರ. ಇದು ನಮ್ಮ ದೊಡ್ಡಪ್ಪನ ಮನೆ, ಹುಲೇಕಲ್ ಕಡೆ. ಈ ಕಂಪ್ಯೂಟರ್ ಕೂಡ ಅವರದೇ. ದೊಡ್ಡಪ್ಪ ಫೋನ್ ಮಾಡಿ, "ತಮಾ, ಇದು ಎಂತೋ ಹೇಳ್ತಾ ಇದ್ದು ನೋಡು" ಅಂದರು. ಸ್ಕ್ರೀನ್ ತುಂಬಾ ಒಂದು ಸೂಚನೆ: ವಿಂಡೋಸ್ 10ರ ಕಾಲ ಮುಗಿಯಿತು ಅಂತ.

ಹೇಳಿದ್ದು ನಿಜ. 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. ಹಾಗಂತ ಕಂಪ್ಯೂಟರ್ ಬಂದ್ ಆಗುವುದಿಲ್ಲ, ಎಂದಿನಂತೆ ಓಡುತ್ತದೆ. ಆದರೆ ಹೊಸದಾಗಿ ಭದ್ರತೆಯ ತೂತು ಸಿಕ್ಕರೆ ಅದನ್ನು ಮುಚ್ಚುವ ಅಪ್‌ಡೇಟ್ ತಾನಾಗಿ ಬರುವುದಿಲ್ಲ. ಹಂಚು ಒಡೆದ ಮಾಡಿನ ಹಾಗೆ. ಬೇಸಿಗೆಯಲ್ಲಿ ಗೊತ್ತೇ ಆಗುವುದಿಲ್ಲ. ಅದೇ ಕಂಪ್ಯೂಟರಿನಲ್ಲಿ ಬ್ಯಾಂಕ್ ಕೆಲಸ ಮಾಡುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಅಸಲಿ ವಿಂಡೋಸ್ 10 ಇದ್ದು, ಕಂಪ್ಯೂಟರ್‌ಗೆ ಯೋಗ್ಯತೆ ಇದ್ದರೆ ವಿಂಡೋಸ್ 11 ಪೂರ್ತಿ ಫ್ರೀ. ಯಾರಿಗೂ ದುಡ್ಡು ಕೊಡಬೇಕಿಲ್ಲ. ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಬೇಡ, "ಕಂಪನಿಯಿಂದ ಮಾತಾಡ್ತಿದ್ದೇವೆ" ಅನ್ನುವ ಫೋನಂತೂ ಬೇಡವೇ ಬೇಡ. ಸೆಟ್ಟಿಂಗ್ಸ್ ಒಳಗಿನ ವಿಂಡೋಸ್ ಅಪ್‌ಡೇಟ್, ಇಲ್ಲವೇ ಮೈಕ್ರೋಸಾಫ್ಟ್‌ನ ಸ್ವಂತ ಸೈಟ್. ಈ ಎರಡೇ ದಾರಿ.

[ಸ್ಕ್ರೀನ್: ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್. ಪ್ರೊಸೆಸರ್ ಸಾಲಿನ ಮೇಲೆ ಹಳದಿ ಗುರುತು.]

ಯೋಗ್ಯತೆ ನೋಡುವುದು ಹೇಗೆ? ಪಿಸಿ ಹೆಲ್ತ್ ಚೆಕ್ ಅಂತ ಮೈಕ್ರೋಸಾಫ್ಟ್‌ನದೇ ಒಂದು ಸಣ್ಣ ಆ್ಯಪ್ ಇದೆ. ಅದನ್ನು ಓಡಿಸಿದರೆ ಆಗುತ್ತದೋ ಇಲ್ಲವೋ ಅಂತ ಅದೇ ಹೇಳುತ್ತದೆ. ಆದರೆ ನನಗೆ ಕಣ್ಣಾರೆ ನೋಡಿದರೇ ಸಮಾಧಾನ. 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಬೇಕು ಅನ್ನುತ್ತಾರೆ. ಈಗಿನ ಕಂಪ್ಯೂಟರಿನಲ್ಲಿ ಅಷ್ಟು ಇದ್ದೇ ಇರುತ್ತದೆ. 4 ಜಿಬಿಯಲ್ಲಿ ವಿಂಡೋಸ್ 11 ಏದುಸಿರು ಬಿಡುತ್ತದೆ, 8 ಇರಲಿ ಅನ್ನುವುದು ನನ್ನ ಮಾತು. ನಿಜವಾಗಿ ಕೈ ಕೊಡುವುದು ಪ್ರೊಸೆಸರ್.

ಈ ನಂಬರ್ ನೋಡಿ. ದೊಡ್ಡಪ್ಪನದು ಐ3-7100. ಗೆರೆಯ ಆಚೆ ಮೊದಲ ಅಂಕಿ 7, ಅಂದರೆ ಇಂಟೆಲ್‌ನ ಏಳನೇ ತಲೆಮಾರು. ವಿಂಡೋಸ್ 11 ಕೇಳುವುದು ಎಂಟನೆಯದರಿಂದ ಮೇಲಕ್ಕೆ. ಒಂದೆರಡು ಅಪರೂಪದ ಮಾದರಿ ಬಿಟ್ಟರೆ ಏಳಕ್ಕೆ ಬಾಗಿಲು ಮುಚ್ಚಿದೆ. ಇನ್ನು ಇದು ಅಕ್ಕನ ಲ್ಯಾಪ್‌ಟಾಪ್, ಕಾರವಾರದಿಂದ ತಂದಿದ್ದಾಳೆ. ಐ5-8250ಯು. ಮೊದಲ ಅಂಕಿ 8. ಪಾಸ್! 10210 ಅಂತಿದ್ದರೆ ಮೊದಲ ಎರಡು ಅಂಕಿ ಓದಿ, ಅದು ಹತ್ತನೇ ತಲೆಮಾರು. ಎಎಂಡಿ ಆದರೆ ಹೆಚ್ಚು ಕಡಿಮೆ ರೈಝೆನ್ 2000 ಸರಣಿಯಿಂದ ಮುಂದೆ.

ಇನ್ನೊಂದು ಟಿಪಿಎಂ. ಬೀಗದ ಕೈಗಳನ್ನು ಭದ್ರವಾಗಿ ಇಟ್ಟುಕೊಳ್ಳುವ ಒಂದು ಪುಟ್ಟ ತಿಜೋರಿ ಅಂದುಕೊಳ್ಳಿ. ವಿಂಡೋಸ್ 11ಕ್ಕೆ ಅದರ 2.0 ಆವೃತ್ತಿ ಬೇಕು. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಸ್ಕ್ರೀನ್ ಮೇಲೆ ನಾನು ಹಾಕಿರುವ ಈ ಅಕ್ಷರಗಳನ್ನು (tpm.msc) ಟೈಪ್ ಮಾಡಿ. "ಸಿಗಲಿಲ್ಲ" ಅಂತ ಬಂದರೆ ಹೊಸ ಕಂಪ್ಯೂಟರ್ ತರಲು ಓಡಬೇಡಿ. ನನ್ನ ರೈಝೆನ್ 5 2600ರಲ್ಲೂ ಹಾಗೇ ಬಂತು. ತಿಜೋರಿ ಒಳಗೇ ಇತ್ತು, ಸ್ವಿಚ್ ಆಫ್ ಆಗಿತ್ತು ಅಷ್ಟೇ. ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮುಂಚೆ ತೆಗೆಯುವ ಸೆಟ್ಟಿಂಗ್ ಪುಟಕ್ಕೆ, ಹೋಗಿ ಆನ್ ಮಾಡಿದೆ. ಎಎಂಡಿಯಲ್ಲಿ ಅದರ ಹೆಸರು ಎಫ್‌ಟಿಪಿಎಂ, ಇಂಟೆಲ್‌ನಲ್ಲಿ ಪಿಟಿಟಿ. ಅಲ್ಲೇ ಎಲ್ಲೋ ಕ್ಲಿಯರ್ ಟಿಪಿಎಂ ಅಂತಲೂ ಕಾಣಬಹುದು. ಅದನ್ನು ಮಾತ್ರ ಮುಟ್ಟಬೇಡಿ.

ಬಯೋಸ್‌ಗೆ ಕೈ ಹಾಕುವ ಮುಂಚೆ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯಾ ನೋಡಿಕೊಳ್ಳಿ. ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯೊಳಗೆ ಅದು ಸಿಗುತ್ತದೆ. ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ಅದು ಆನ್ ಆಗಿತ್ತು, ಅವಳಿಗೆ ಗೊತ್ತೇ ಇರಲಿಲ್ಲ. ಈ ಕೀ ಇಲ್ಲದೆ ಡಿಸ್ಕ್ ಬೀಗ ಬಿದ್ದರೆ ಅಂಗಡಿಯವರೂ ತೆಗೆಯಲಾರರು. ಕಾಗದದ ಮೇಲೆ ಬರೆಯಿರಿ ಮಾರಾಯ್ರೆ. ಅದೇ ಲ್ಯಾಪ್‌ಟಾಪ್‌ನಲ್ಲಿ ಸೇವ್ ಮಾಡಿದರೆ ಬೀಗದ ಕೈಯನ್ನು ಮನೆಯೊಳಗಿಟ್ಟು ಬಾಗಿಲು ಹಾಕಿಕೊಂಡ ಹಾಗೆ.

[ದೃಶ್ಯ: ದೊಡ್ಡಪ್ಪನ ಡೆಸ್ಕ್‌ಟಾಪ್. ಐಕಾನ್‌ಗಳಿಗೆ ಮಧ್ಯ ಜಾಗವೇ ಇಲ್ಲ.]

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ಫೈಲ್‌ಗಳು.

ಅಪ್‌ಗ್ರೇಡ್ ಸರಿಯಾಗಿ ನಡೆದರೆ ಫೈಲ್, ಪ್ರೋಗ್ರಾಂ ಎಲ್ಲ ಇದ್ದಲ್ಲೇ ಇರುತ್ತವೆ. ಸರಿಯಾಗಿ ನಡೆಯದಿದ್ದರೆ ಅನ್ನುವುದಕ್ಕೇ ಈ ಕಷ್ಟ. ಎಲ್ಲರೂ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಕಾಪಿ ಮಾಡುತ್ತಾರೆ. ಡೆಸ್ಕ್‌ಟಾಪ್ ಮೇಲಿರುವುದನ್ನು ಮರೆಯುತ್ತಾರೆ. ಡೌನ್‌ಲೋಡ್ಸ್ ಒಳಗೆ ಪಹಣಿ, ಆಧಾರ್, ವಿಮೆ ಕಾಗದ ಎಲ್ಲ ಬಿದ್ದಿರುತ್ತವೆ. ದೊಡ್ಡಪ್ಪನ ಡೆಸ್ಕ್‌ಟಾಪ್ ಮೇಲೆ "ಹೊಸ ಫೋಲ್ಡರ್ 2" ಅಂತ ಒಂದಿದೆ. ತೆಗೆದರೆ ಇಡೀ ಮನೆಯ ಚರಿತ್ರೆ. ಅಡಿಕೆ ಕೊಯ್ಯುವ ಕೊನೆಗೌಡನ ಕೂಲಿ ಲೆಕ್ಕ, ಅಡಿಕೆಯಲ್ಲಿ ಚಾಲಿ ಎಷ್ಟು, ರಾಶಿ ಎಷ್ಟು, ಅಕ್ಕನ ಮದುವೆ ಕರೆಯೋಲೆ, ಅಜ್ಜ ಹೇಳಿ ಬರೆಸಿದ ವಂಶವೃಕ್ಷ.

ಎಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿ ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ತೆಗೆದು ನೋಡಿದೆವು. ಕಾಪಿ ಮಾಡಿದ್ದನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆಗೆದು ನೋಡುವುದು ನನ್ನ ಚಾಳಿ. ನೋಡಿದ್ದು ಒಳ್ಳೆಯದೇ ಆಯಿತು.

[ಸ್ಕ್ರೀನ್: ಅರ್ಥವಾಗದ ಅಕ್ಷರಗಳ ಪುಟ]

ಇದು ಅಜ್ಜನ ವಂಶವೃಕ್ಷ! ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಯಾರೋ ಕೊಂಬು, ಟೋಪಿ ಇಟ್ಟ ಹಾಗಿದೆ. ಅಕ್ಕ ಗಾಬರಿಯಾಗಿ, "ವೈರಸ್ಸಾ?" ಅಂದಳು. ವೈರಸ್ ಅಲ್ಲ. ಕನ್ನಡ ಟೈಪ್ ಮಾಡುವ ಹಳೇ ನುಡಿ, ಬರಹ ಸಾಫ್ಟ್‌ವೇರ್‌ಗಳ ಫಾಂಟ್ ಕಥೆ ಇದು. ಆ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದರು. ಫೈಲ್ ಒಳಗೆ ಇರುವುದು ಕನ್ನಡವೇ ಅಲ್ಲ, ಅದನ್ನು ಕನ್ನಡ ಮಾಡಿ ತೋರಿಸುವುದು ಫಾಂಟ್. ಫಾಂಟ್ ಇಲ್ಲದಿದ್ದರೆ ವೇಷ ಕಳಚುತ್ತದೆ. ಈಗ ನಾವು ಫೋನಿನಲ್ಲಿ ಬರೆಯುವುದು ಯೂನಿಕೋಡ್. ಅದರಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮದೇ ನಂಬರ್ ಇದೆ, ಹಾಗಾಗಿ ಎಲ್ಲ ಕಡೆ ಕನ್ನಡವಾಗಿಯೇ ಕಾಣುತ್ತದೆ.

ಅಂದರೆ ಫೈಲ್ ಜೊತೆ ಫಾಂಟನ್ನೂ ಎತ್ತಿಡಬೇಕು. ಸಿ ಡ್ರೈವ್, ವಿಂಡೋಸ್, ಅದರೊಳಗೆ ಫಾಂಟ್ಸ್. ಅಲ್ಲಿ ನುಡಿ ಹೆಸರಿನವು, ಬರಹ ಆದರೆ ಬಿಆರ್‌ಎಚ್ ಅಂತ ಶುರುವಾಗುವವು, ಎಲ್ಲವನ್ನೂ ಕಾಪಿ ಮಾಡಿ. ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ಆ ಫಾಂಟ್ ಮೇಲೆ ಎರಡು ಸಲ ಒತ್ತಿ ಇನ್‌ಸ್ಟಾಲ್ ಅಂದೆ. ವರ್ಡ್ ಮುಚ್ಚಿ ತೆಗೆದೆ. ಅಜ್ಜನ ಹೆಸರು ಬಂತು.

ಅಷ್ಟಕ್ಕೇ ಬಿಡಲಿಲ್ಲ. ಮುಖ್ಯವಾದ ಫೈಲ್‌ಗಳನ್ನು ಹಳೇ ಕಂಪ್ಯೂಟರಿನಲ್ಲೇ ತೆಗೆದು, ಪ್ರಿಂಟ್ ಒತ್ತಿ, ಪ್ರಿಂಟರ್ ಜಾಗದಲ್ಲಿ ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್ ಆರಿಸಿದೆ. ಪಿಡಿಎಫ್ ಒಳಗೆ ಅಕ್ಷರದ ರೂಪವೂ ಸೇರಿಕೊಳ್ಳುತ್ತದೆ, ಯಾವ ಫೋನಿನಲ್ಲಾದರೂ ಓದಬಹುದು. ತಿದ್ದಬೇಕಾದ ಫೈಲ್ ಆದರೆ ನುಡಿಯಲ್ಲಿರುವ ಕನ್ವರ್ಟರ್‌ನಿಂದ ಯೂನಿಕೋಡ್‌ಗೆ ಬದಲಾಯಿಸಿ. ಆಮೇಲೆ ಒತ್ತಕ್ಷರ, ಅರ್ಕಾವೊತ್ತು ಇರುವ ಪದಗಳ ಮೇಲೆ ಒಮ್ಮೆ ಕಣ್ಣಾಡಿಸಿ. ಈ ಕೆಲಸಕ್ಕೆ ನಮಗೆ ಒಂದಿಡೀ ಭಾನುವಾರ ಹಿಡಿಯಿತು. ದೊಡ್ಡಮ್ಮ ನಡುವೆ ಎರಡು ಸಲ ಕಷಾಯ ಕೊಟ್ಟರು.

ಕಾಪಿ ಎಲ್ಲಿ ಇಡಬೇಕು? ಎರಡು ಕಡೆ. ಒಂದೇ ಪೆನ್‌ಡ್ರೈವ್ ನಂಬಬೇಡಿ. ಕಾರವಾರ, ಅಂಕೋಲಾ, ಹೊನ್ನಾವರದ ಕಡೆಯವರಿಗೆ ಇದು ಇನ್ನೂ ಜಾಸ್ತಿ ಅನ್ವಯ. ಉಪ್ಪು ಗಾಳಿಗೆ ಕಿಟಕಿ ಸರಳೇ ತುಕ್ಕು ಹಿಡಿಯುತ್ತದೆ, ಯುಎಸ್‌ಬಿ ಮೂತಿ ಬಿಡುತ್ತದೆಯೇ? ಅಕ್ಕನ ಹಳೇ ಎಕ್ಸ್‌ಟರ್ನಲ್ ಡಿಸ್ಕ್ ಕಪಾಟಿನಲ್ಲಿ ಇಟ್ಟಲ್ಲೇ ಹಾಳಾಯಿತು. ಈಗ ಅವಳು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೊಸ ಚಪ್ಪಲಿ ಜೊತೆ ಬರುವ ಸಿಲಿಕಾ ಪೊಟ್ಟಣ ಹಾಕಿ ಇಡುತ್ತಾಳೆ.

[ದೃಶ್ಯ: ಹಳೇ ಪ್ರಿಂಟರ್]

ಪ್ರಿಂಟರ್, ಸ್ಕ್ಯಾನರ್ ಇದ್ದವರು ಮಾದರಿ ನಂಬರ್ ಬರೆದುಕೊಂಡು, ವಿಂಡೋಸ್ 11ಕ್ಕೆ ಡ್ರೈವರ್, ಅಂದರೆ ಅದನ್ನು ಓಡಿಸುವ ಸಾಫ್ಟ್‌ವೇರ್, ಇದೆಯಾ ಅಂತ ಆ ಕಂಪನಿಯ ಸೈಟ್‌ನಲ್ಲಿ ಮೊದಲೇ ನೋಡಿ. ಅಂಗಡಿಯವರಿಗೆ ಇನ್ನೊಂದು ಮಾತು. ಡಾಸ್ ಕಾಲದ ಲೆಕ್ಕದ ಪ್ರೋಗ್ರಾಂ ಇನ್ನೂ ಬಳಸುವವರು ಈ ಕಡೆ ಇದ್ದಾರೆ. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಹಳೇ 16 ಬಿಟ್ ಪ್ರೋಗ್ರಾಂಗಳು ಅದರಲ್ಲಿ ಓಡುವುದಿಲ್ಲ. ಅಂಥವರು ಆ ಕಂಪ್ಯೂಟರನ್ನು ನೆಟ್‌ನಿಂದ ಬಿಡಿಸಿ, ಲೆಕ್ಕಕ್ಕೆ ಮಾತ್ರ ಇಟ್ಟುಕೊಳ್ಳುವುದೇ ಮೇಲು.

ಇನ್ನು ಡೌನ್‌ಲೋಡ್. ಹಲವು ಜಿಬಿ ಆಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕ್‌ನಲ್ಲಿ, ಅದೂ ಮಾಡಿನ ಮೇಲೆ ಫೋನ್ ಇಟ್ಟು ಹಾಟ್‌ಸ್ಪಾಟ್ ಹಿಡಿಯುವ ಮನೆಗಳಲ್ಲಿ, ಇದು ಆಗುವ ಮಾತಲ್ಲ. ಪೇಟೆಯಲ್ಲಿ ಫೈಬರ್ ಇರುವ ನೆಂಟರ ಮನೆಗೆ ಹೋಗಿ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬನ್ನಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಫೋಟೋ ಕಾಪಿ ಮಾಡಿದ ಪೆನ್‌ಡ್ರೈವ್ ಬೇಡ! ಮನೆಯಲ್ಲಿ ವಿಂಡೋಸ್ 10 ಓಡುತ್ತಿರುವಾಗಲೇ ಅದರೊಳಗಿನ ಸೆಟಪ್ ಒತ್ತಿ. ಫೈಲ್, ಆ್ಯಪ್ ಉಳಿಸಿಕೊಳ್ಳಲಾ ಅಂತ ಕೇಳುವಲ್ಲಿ ಹೌದು ಅನ್ನಿ.

ಯಾವ ದಿನ ಮಾಡಬೇಕು? ಮಳೆ ಹೊಳವಾದ ದಿನ. ಯುಪಿಎಸ್ ಇದ್ದರೆ ಹಿಂದಿನ ದಿನವೇ ಗೋಡೆಯ ಸ್ವಿಚ್ ಆಫ್ ಮಾಡಿ ಎಷ್ಟು ಹೊತ್ತು ತಡೆಯುತ್ತದೆ ನೋಡಿ. ನಾನು ಕಲಿತದ್ದು ಹೇಗೆ ಅಂತ ಆಗಲೇ ಹೇಳಿದೆನಲ್ಲ. ಲ್ಯಾಪ್‌ಟಾಪ್ ಆದರೆ ಚಾರ್ಜ್ ತುಂಬಿಸಿ, ಚಾರ್ಜರ್ ಸಿಕ್ಕಿಸಿಯೇ ಇಡಿ. ಏಪ್ರಿಲ್, ಮೇ ಸಂಜೆಗಳು ಬೇಡ. ಸಿಡಿಲಿಗೆ ಹೆದರಿ ವೈರೆಲ್ಲ ಕಿತ್ತಿಡುವ ಹೊತ್ತು ಅದು. ಅಕ್ಕನದು ಬೆಳಿಗ್ಗೆ ತಿಂಡಿ ಮುಗಿಸಿ ಹಚ್ಚಿದ್ದು, ಊಟಕ್ಕೆ ಮುಂಚೆ ಮುಗಿಯಿತು. ನಡುವೆ ತಾನೇ ಕೆಲವು ಸಲ ಆಫ್ ಆಗಿ ಆನ್ ಆಗುತ್ತದೆ. ಅದು ನಿಂತುಹೋಯಿತು ಅಂತ ಪವರ್ ಬಟನ್ ಒತ್ತಬೇಡಿ.

ಹೊಸತು ಹಿಡಿಸದಿದ್ದರೆ 10 ದಿನದೊಳಗೆ ಹಿಂದಕ್ಕೆ ಹೋಗಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ಗೋ ಬ್ಯಾಕ್. ಆ ಹತ್ತು ದಿನ ಜಾಗ ಉಳಿಸುವ ಆಸೆಗೆ ವಿಂಡೋಸ್ ಓಲ್ಡ್ ಫೋಲ್ಡರ್ ಅಳಿಸಬೇಡಿ, ವಾಪಸ್ ಹೋಗುವ ದಾರಿಯೇ ಅದು. ಅಕ್ಕ ಎರಡನೇ ದಿನ ಫೋನ್ ಮಾಡಿ ಸ್ಟಾರ್ಟ್ ಬಟನ್ ನಡುವೆ ಬಂದು ಕೂತಿದೆ ಅಂತ ಬೈದಳು. ಟಾಸ್ಕ್‌ಬಾರ್ ಸೆಟ್ಟಿಂಗ್‌ನಲ್ಲಿ ಎಡಕ್ಕೆ ಸರಿಸಬಹುದು. ಸರಿಸಿದಳು, ಈಗ ಆರಾಮ.

[ದೃಶ್ಯ: ಮತ್ತೆ ದೊಡ್ಡಪ್ಪನ ಡೆಸ್ಕ್‌ಟಾಪ್]

ಹಾಗಾದರೆ ದೊಡ್ಡಪ್ಪನ ಐ3-7100 ಕಥೆ? ನಿಯಮ ತಪ್ಪಿಸಿ ವಿಂಡೋಸ್ 11 ತುರುಕುವ ಉಪಾಯಗಳಿವೆ. ಮುಂದೆ ಅಪ್‌ಡೇಟ್ ಬರುತ್ತದೆ ಅನ್ನುವ ಭರವಸೆ ಇಲ್ಲ. 70 ದಾಟಿದವರ ಕಂಪ್ಯೂಟರಿನಲ್ಲಿ ನಾನು ಆ ಆಟ ಆಡುವುದಿಲ್ಲ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಬಹುದು. ಅದೂ ಫ್ರೀ, ಇಂಥ ಯಂತ್ರದಲ್ಲಿ ಚೆನ್ನಾಗಿ ಓಡುತ್ತದೆ. ಆದರೆ ದೊಡ್ಡಪ್ಪನ ನುಡಿ ಅಭ್ಯಾಸ ಬಿಡಿಸಬೇಕಾಗುತ್ತದೆ. ಅದು ನನ್ನಿಂದ ಆಗದ ಕೆಲಸ.

ಮೂರನೇ ದಾರಿ, ವಿಂಡೋಸ್ 10ಕ್ಕೇ ಹೆಚ್ಚುವರಿ ಭದ್ರತಾ ಅಪ್‌ಡೇಟ್. ಇಎಸ್‌ಯು ಅನ್ನುತ್ತಾರೆ. 2026ರ ಅಕ್ಟೋಬರ್ 13ರ ತನಕ ಸಿಗುತ್ತದೆ. ಕಂಪ್ಯೂಟರ್ ವಿಂಡೋಸ್ 10ರ ಕೊನೆಯದಾದ 22ಎಚ್2 ಆವೃತ್ತಿಯಲ್ಲಿರಬೇಕು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ, ಸೆಟ್ಟಿಂಗ್ಸ್ ಸಿಂಕ್ ಮಾಡಲು ಒಪ್ಪಿದರೆ ದುಡ್ಡಿಲ್ಲ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಎನ್‌ರೋಲ್ ಅನ್ನುವ ಲಿಂಕ್ ಇರುತ್ತದೆ. ಸಿಂಕ್ ಜೊತೆ ಬರುವ ಬ್ಯಾಕಪ್ ಪಟ್ಟಿಯಲ್ಲಿ ಫೋಟೋ, ಡಾಕ್ಯುಮೆಂಟ್ ಗುರುತು ತೆಗೆದುಬಿಡಿ. ಇಲ್ಲದಿದ್ದರೆ ಒನ್‌ಡ್ರೈವ್ ಅನ್ನುವ ಮೈಕ್ರೋಸಾಫ್ಟ್‌ನ ಆನ್‌ಲೈನ್ ಕಪಾಟಿನಲ್ಲಿ ಫ್ರೀ ಸಿಗುವ 5 ಜಿಬಿ ಎರಡು ದಿನಕ್ಕೆ ತುಂಬುತ್ತದೆ.

ದೊಡ್ಡಪ್ಪನಿಗೆ ಇದನ್ನೇ ಮಾಡಿದೆ. ಖಾತೆಯ ಪಾಸ್‌ವರ್ಡನ್ನು ಅವರು ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದರು. ಆ ತಾರೀಕು ದಾಟಿದ ಮೇಲೆ ಹೊಸ ಕಂಪ್ಯೂಟರ್ ತಗೊಳ್ಳೋದಾ ಅಂತ ಕೇಳಿದೆ.

"ಕೊಯ್ಲು ಮುಗೀಲಿ, ಆಮೇಲೆ ನೋಡನ" ಅಂದರು.

[ದೃಶ್ಯ: ದೊಡ್ಡಪ್ಪ ಮಾನಿಟರ್ ಮೇಲೆ ಕಸೂತಿ ಬಟ್ಟೆ ಹೊದೆಸುತ್ತಾರೆ. ಯುಪಿಎಸ್ ಸದ್ದು ನಿಲ್ಲುತ್ತದೆ.]