ಮೊದಲು ಗುಂಪು, ಆಮೇಲೆ ಹೆಸರು

ಕೇಳುಗರಿಗೆ ನಮಸ್ಕಾರ. ಸಮುದ್ರದೊಳಗೆ ಬರೀ ಮೌನ ಎನ್ನುವವರು ಒಮ್ಮೆ ಹೈಡ್ರೋಫೋನ್ ಇಳಿಬಿಟ್ಟು ಕೇಳಬೇಕು. ಹೈಡ್ರೋಫೋನ್ ಅಂದರೆ ನೀರೊಳಗಿನ ಮೈಕು, ಅಷ್ಟೇ. ಹಸಿ ಸೌದೆ ಉರಿದಂತೆ ಚಟಪಟ ಕೇಳಿಸಿದರೆ ಅದು ಚಿಟಿಕೆ ಹೊಡೆಯುವ ಒಂದು ಬಗೆಯ ಸಿಗಡಿ. ಫಿನ್ ತಿಮಿಂಗಿಲದ ದನಿಯೋ 20 ಹರ್ಟ್ಜ್, ಅಂದರೆ ಸೆಕೆಂಡಿಗೆ 20 ಕಂಪನದ ಆಸುಪಾಸು, ನಮ್ಮ ಕಿವಿಗೆ ಎಟುಕುವುದೇ ಕಷ್ಟ.

ಒಂದೊಂದು ಸದ್ದನ್ನೂ ಕಂಪ್ಯೂಟರು ಸೋಸಿ, ಕೆಳದನಿ ಎಷ್ಟು, ಮೇಲುದನಿ ಎಷ್ಟು ಎಂದು ಅಂಕಿಗಳ ಸಾಲು ಮಾಡಿಕೊಡುತ್ತದೆ. ಅದೇ ಸ್ಪೆಕ್ಟ್ರಮ್. ಒಂದು ರಾತ್ರಿಗೆ ಇಂಥ ಸಾವಿರಾರು ಸಾಲು. ಅವನ್ನೇನು ಮಾಡುವುದು? ಮೀನಿನ ದಕ್ಕೆಗೆ ಬನ್ನಿ. ಬಲೆಯಿಂದ ಸುರಿದ ರಾಶಿಯ ಮುಂದೆ ಮೀನಿನ ಹೆಸರೇ ಗೊತ್ತಿಲ್ಲದವನನ್ನು ಕೂರಿಸಿ. ಉದ್ದದ್ದು ಅತ್ತ, ಚಪ್ಪಟೆ ಇತ್ತ, ಮೀಸೆಯದ್ದು ಬೇರೆ ಎಂದು ಬುಟ್ಟಿ ತುಂಬಿಸುತ್ತಾನೋ ಇಲ್ಲವೋ? ಹೆಸರನ್ನು ಆಮೇಲೆ ಮೀನು ಮಾರುವ ಅಕ್ಕ ಹೇಳುತ್ತಾರೆ. ಸಂಖ್ಯಾಶಾಸ್ತ್ರವೂ ಇಷ್ಟೇ: ಒಂದನ್ನೊಂದು ಹೋಲುವ ಸಾಲುಗಳು ಒಂದೇ ಬುಟ್ಟಿಗೆ. ಮೊದಲು ಗುಂಪು, ಆಮೇಲೆ ಹೆಸರು.

ತಿರುವುಮುರುವು ಮಾಡಿದರೆ ಏನಾಗುತ್ತದೆ, ಸ್ವೀಡನ್ನಿನ ನೌಕಾಪಡೆಯನ್ನು ಕೇಳಿ. 1981ರಲ್ಲಿ ಸೋವಿಯತ್ ಜಲಾಂತರ್ಗಾಮಿಯೊಂದು ಅವರ ಕಾರ್ಲ್ಸ್‌ಕ್ರೋನಾ ನೌಕಾನೆಲೆಯ ಹತ್ತಿರವೇ ಬಂಡೆಗೆ ಸಿಕ್ಕಿಕೊಂಡಿತು. ಅಲ್ಲಿಂದ ಮುಂದೆ ನೀರಲ್ಲಿ ಏನು ಸದ್ದಾದರೂ ರಷ್ಯಾದವರೇ! ಬಾಣಲೆಯಲ್ಲಿ ಏನೋ ಕರಿದಂತೆ ಒಂದು ಸದ್ದು ಮತ್ತೆ ಮತ್ತೆ ಬರುತ್ತಿತ್ತು. ಹಡಗು ಓಡಿತು, ಹೆಲಿಕಾಪ್ಟರ್ ಹಾರಿತು. ಸಿಕ್ಕಿದ್ದು ನೀರ ಮೇಲೆ ಒಂದಷ್ಟು ಗುಳ್ಳೆ. ಕೊನೆಗೆ ಸೋವಿಯತ್ ಒಕ್ಕೂಟವೇ ಒಡೆದುಹೋಯಿತು, ಸದ್ದು ಮಾತ್ರ ನಿಲ್ಲಲಿಲ್ಲ! 1996ರಲ್ಲಿ ಮಾಗ್ನುಸ್ ವಾಲ್‌ಬೆರ್ಗ್, ಹೋಕನ್ ವೆಸ್ಟರ್‌ಬೆರ್ಗ್ ಎಂಬ ವಿಜ್ಞಾನಿಗಳನ್ನು ಕರೆಸಿ ಆ ಗುಟ್ಟಿನ ಸದ್ದು ಕೇಳಿಸಿದರು. ವಾಲ್‌ಬೆರ್ಗ್ ಅಂಗಡಿಯಿಂದ ಒಂದು ಹೆರಿಂಗ್ ಮೀನು ತಂದರು, ನೀರೊಳಗೆ ಹಿಡಿದು ಹೊಟ್ಟೆ ಅದುಮಿದರು. ಹಿಂದಿನಿಂದ ಗುಳುಗುಳು ಗುಳ್ಳೆ, ಅದೇ ಸದ್ದು. ಹೂಸು, ಸ್ವಾಮಿ! ಆಕಾಶವಾಣಿಯಲ್ಲಿ ಈ ಮಾತು ಆಡಬಾರದೇನೋ, ಆಡಿಬಿಟ್ಟೆ. ಹೆರಿಂಗ್ ನಮ್ಮ ಬೂತಾಯಿಯ ನೆಂಟ. ಮೈಯೊಳಗಿನ ಗಾಳಿಚೀಲದ, ಅಂದರೆ ಈಜುಚೀಲದ ಗಾಳಿಯನ್ನು ಹಿಂದಿನಿಂದ ಬಿಡುತ್ತದೆ. 2004ರಲ್ಲಿ ಇದಕ್ಕೆ ಇಗ್ ನೊಬೆಲ್ ಕೂಡ ಬಂತು, ನಗಿಸಿ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು.

ಈಗ ಸ್ಪೆಕ್ಟ್ರಮ್ ನೋಡಿ. ಜಲಾಂತರ್ಗಾಮಿಯನ್ನು ತಳ್ಳುವ, ತಿರುಗುವ ಪ್ರೊಪೆಲ್ಲರಿನದು ಕೆಳದನಿಯಲ್ಲಿ ತಪ್ಪದೆ ಮರುಕಳಿಸುವ ಗೆರೆ. ಮೀನಿನದು ಸಾವಿರಾರು ಹರ್ಟ್ಜ್‌ನಲ್ಲಿ ಸಣ್ಣ ಸಣ್ಣ ಟಿಕ್ ಟಿಕ್. ಎರಡೂ ಒಂದೇ ಬುಟ್ಟಿಗೆ ಬೀಳುವ ಮಾತೇ ಇಲ್ಲ. ಆದರೆ ಹೆಸರು ಮೊದಲೇ ಸಿದ್ಧವಿತ್ತಲ್ಲ, ಬುಟ್ಟಿ ನೋಡುವವರು ಯಾರು?

ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ, ಬೇಗ ಹೇಳುತ್ತೇನೆ. ನನ್ನ ವಿದ್ಯಾರ್ಥಿಗಳು "ಸರ್, ಎಷ್ಟು ಗುಂಪು ಮಾಡಲಿ?" ಎಂದು ಕಂಪ್ಯೂಟರಿನ ಗುಂಡಿ ಒತ್ತಲು ಕಾಯುತ್ತಿರುತ್ತಾರೆ. ಮೊದಲು ಸದ್ದು ಕೇಳ್ರಪ್ಪಾ ಅನ್ನುತ್ತೇನೆ! ಬುಟ್ಟಿಗಳಿಗೆ ಹೆಸರು ಬಿದ್ದಮೇಲೆ ಹೊಸ ಸದ್ದು ಯಾವುದಕ್ಕೆ ಹತ್ತಿರವೋ ಅಲ್ಲಿಗೆ. ಯಾವುದಕ್ಕೂ ಸೇರದ್ದನ್ನು ಬೇರೆಯೇ ಇಡಿ. 1960ರ ದಶಕದಲ್ಲಿ ದಕ್ಷಿಣ ಮಹಾಸಾಗರದಲ್ಲಿ ಜಲಾಂತರ್ಗಾಮಿಯ ನಾವಿಕರಿಗೆ ಬಾತುಕೋಳಿ ಕೂಗಿದಂತೆ ಕೇಳಿಸುತ್ತಿತ್ತು. 'ಬಯೋ-ಡಕ್' ಎಂದು ಚೀಟಿ ಅಂಟಿಸಿ ಹಾಗೇ ಇಟ್ಟರು. ಆ ಬುಟ್ಟಿಯ ವಾರಸುದಾರರು ಪತ್ತೆಯಾಗಿದ್ದು 2014ರಲ್ಲಿ: ಅಂಟಾರ್ಕ್ಟಿಕ್ ಮಿಂಕೆ ತಿಮಿಂಗಿಲ. ನಮಸ್ಕಾರ.