ಆಕಾಶ ಕಾಯಿಸಿದ ಹೀಟರ್

ಬೆಳಗ್ಗೆ ಆರೂವರೆ. ಈ ಬೆಳ್ಳಗೆ ಕಾಣುತ್ತಿರುವುದು ಮಂಜು, ಕ್ಯಾಮೆರಾ ಕೆಟ್ಟಿಲ್ಲ. ತೀರ್ಥಹಳ್ಳಿ ಕಡೆಯ ಧನುರ್ಮಾಸ ಇದು. ಅದರ ಹಿಂದೆ ನಮ್ಮ ಅಡಿಕೆ ತೋಟ ಇದೆ, ನಂಬಿ.

ಈಗ ಈ ಚೀಟಿ ನೋಡಿ. ಹೋದ ವರ್ಷದ ಜನವರಿಯ ಕರೆಂಟ್ ಬಿಲ್. 2023ರ ಜುಲೈನಲ್ಲಿ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಶುರುವಾದಮೇಲೆ ನಮಗೆ ಬಿಲ್ಲಿನಲ್ಲಿ ಸೊನ್ನೆ ನೋಡಿಯೇ ಅಭ್ಯಾಸ. ಆ ತಿಂಗಳು ಮಾತ್ರ 200 ಯೂನಿಟ್ ದಾಟಿಹೋಯಿತು. ದಾಟಿದರೆ ಮೇಲಿನ ನಾಲ್ಕಾರು ಯೂನಿಟ್‌ಗಷ್ಟೇ ದುಡ್ಡಲ್ಲ, ಪೂರ್ತಿ ಬಿಲ್ ನಾವೇ ಕಟ್ಟಬೇಕು. ಅಪ್ಪ ಕಟ್ಟಿದರು. ಆಮೇಲೆ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ, ಯಾಕಂದರೆ ಹೀಟರ್ ತಂದವನು ನಾನು.

ಅಮ್ಮನಿಗೆ ಮಂಡಿನೋವು, ಚಳಿಗೆ ಇನ್ನೂ ಜಾಸ್ತಿ. ಪಾಪ ಅಂತ 2000 ವಾಟ್‌ನ ರೂಮ್ ಹೀಟರ್ ತಂದೆ. ಲೆಕ್ಕ ಹಾಕಿದ್ದು ಬಿಲ್ ಬಂದಮೇಲೆ. ದಿನಕ್ಕೆ ನಾಲ್ಕು ಗಂಟೆ ಉರಿದರೆ 8 ಯೂನಿಟ್, ತಿಂಗಳಿಗೆ 240. ಅದೊಂದೇ ಸಾಕಾಗಿತ್ತು. ಫ್ರಿಜ್ಜು, ಮೋಟರು ಎಲ್ಲ ಸುಮ್ನೆ ಬೈಸಿಕೊಂಡವು.

ಅಷ್ಟಾಗಿ ರೂಮ್ ಬೆಚ್ಚಗಾಯ್ತಾ? ಇಲ್ಲ. ಮೇಲೆ ನೋಡಿ, ಬರೀ ಹಂಚು. ಸಂದಿಯಲ್ಲಿ ಬೆಳಕು ಕಾಣುತ್ತಿದೆ ಅಲ್ವಾ? ಬಿಸಿಗಾಳಿ ಮೇಲಕ್ಕೇರಿ ಅಲ್ಲಿಂದ ಸೀದಾ ಹೊರಗೆ. ತಿಂಗಳಿಡೀ ನಾನು ಆಕಾಶ ಕಾಯಿಸಿದ್ದೆ.

ಈ ವರ್ಷ ಹೀಟರ್ ಅಟ್ಟ ಹತ್ತಿದೆ. ಅಮ್ಮನ ಮಂಚ ಈ ಹಳೇ ಕೋಣೆಗೆ ಬಂದಿದೆ. ಇದಕ್ಕೆ ಮುಚ್ಚಿಗೆ ಇದೆ. ಹಂಚಿನ ಕೆಳಗೆ ಒತ್ತೊತ್ತಾಗಿ ಹೊಡೆದ ಮರದ ಹಲಗೆ, ಅದರ ಮೇಲೆ ಅಡಿಕೆ ಮೂಟೆ. ಸುತ್ತ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಗೋಡೆಯಾಚೆ ಅಡುಗೆಮನೆ. ನಾಲ್ಕು ಜನ ಸೇರಿ ಮಂಚ ಎತ್ತಿದೆವು, ಖರ್ಚು ನಾಲ್ಕು ಲೋಟ ಕಾಫಿ.

"ನಿನ್ನ ಅಜ್ಜಿ ಚಳಿಗಾಲದಲ್ಲಿ ಇಲ್ಲೇ ಮಲಗ್ತಿದ್ದಿದ್ದು ಕಣೋ" ಅಂದಳು ಅಮ್ಮ.

ಮೊದಲೇ ಹೇಳಬಾರದಿತ್ತಾ ಅಂದೆ.

"ನೀನು ಕೇಳಿದ್ಯಾ?"

ಒಂದು ವಿಷಯ ಮಾತ್ರ ತಮಾಷೆ ಅಲ್ಲ. ಕೋಣೆ ಬೆಚ್ಚಗಾಗಲಿ ಅಂತ ಬಾಗಿಲು ಹಾಕಿಕೊಂಡು ಒಳಗೆ ಕೆಂಡ ಇಟ್ಟು ಮಲಗಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ಗಾಳಿಯಾಡದ ಬಾತ್‌ರೂಮಿನ ಗ್ಯಾಸ್ ಗೀಸರ್‌ಗೂ ಇದೇ ಮಾತು.

ಇನ್ನು ಸ್ನಾನ. 20 ಲೀಟರಿನ ಒಂದು ಬಕೆಟ್ ನೀರು 20 ಡಿಗ್ರಿ ಬಿಸಿಯಾಗಬೇಕಾದರೆ ಹತ್ತಿರಹತ್ತಿರ ಅರ್ಧ ಯೂನಿಟ್ ಕರೆಂಟ್ ಬೇಕು. ನಾವು ಐದು ಜನ. ತಿಂಗಳಿಗೆ 75 ಯೂನಿಟ್ ಬಚ್ಚಲಿಗೇ ಹರಿಯುತ್ತಿತ್ತು. ಎಳ್ಳಮಾವಾಸ್ಯೆ ದಿನ ತೀರ್ಥಹಳ್ಳಿಯ ತುಂಗಾ ನದಿಯ ರಾಮಕುಂಡದಲ್ಲಿ ತಣ್ಣೀರಿಗೆ ಮುಳುಗಿ ಏಳುವವರನ್ನು ನೋಡಿ ನನಗೂ ಒಮ್ಮೆ ಹುರುಪು ಬಂದಿತ್ತು. ಒಂದೇ ಚೊಂಬಿಗೆ ಇಳಿಯಿತು. ಸೋಲಾರ್ ಹಾಕಿಸಿ ಅನ್ನಬಹುದು ನೀವು, ಆದರೆ ಗುಡ್ಡದ ಬುಡದ ಮನೆ, ಬಿಸಿಲು ಬರುವಾಗಲೇ ಹತ್ತು ಗಂಟೆ.

ಹಾಗಾಗಿ ಇದು, ನಮ್ಮ ತಾಮ್ರದ ಹಂಡೆ. ಹೊಟ್ಟೆಯೆಲ್ಲ ಮಸಿ, ಬಾಯಿಯ ಅಂಚು ಮಾತ್ರ ಕೈ ತಾಗಿ ತಾಗಿ ಹೊಳೆಯುತ್ತದೆ. ಒಲೆಗೆ ಹಾಕುವುದು ಅಡಿಕೆ ಸಿಪ್ಪೆ, ಸೋಗೆ, ಕರಟ. ಕೊಯ್ಲಿನ ಕಾಲವೂ ಚಳಿಯ ಕಾಲವೂ ಒಂದೇ ಆದ್ದರಿಂದ ಸಿಪ್ಪೆಗೆ ಬರವಿಲ್ಲ. ಆದರೆ ಚೆನ್ನಾಗಿ ಒಣಗಿರಬೇಕು. ಮೊದಲ ದಿನ ನಾನು ಹಸಿ ಸಿಪ್ಪೆ ತುರುಕಿದ್ದೆ. ಅಪ್ಪ ಟವೆಲ್ಲಿನಲ್ಲೇ ಕೆಮ್ಮುತ್ತಾ ಅಂಗಳಕ್ಕೆ ಓಡಿ ಬಂದರು. ಅದು ವಿಡಿಯೋದಲ್ಲಿದೆ, ಹಾಕೋಕೆ ಪರ್ಮಿಷನ್ ಸಿಕ್ಕಿಲ್ಲ. ಈಗ ರಾತ್ರಿಯೇ ಒಂದು ಬುಟ್ಟಿ ಒಣ ಸಿಪ್ಪೆ ತುಂಬಿಸಿ ಬೆಂಕಿ ಹಚ್ಚುತ್ತೇನೆ. ಅದು ಬುಸಬುಸ ಉರಿಯುವುದಿಲ್ಲ, ಸಣ್ಣಗೆ ಕನಲುತ್ತಾ ಇರುತ್ತದೆ. ಬೆಳಗ್ಗೆ ನಾಲ್ಕು ಕರಟ ಹಾಕಿದರೆ ಆಯ್ತು.

ಇನ್ನೊಂದು ಪುಟ್ಟ ಉಪಾಯ. ಬೆಳಗ್ಗೆ ಟ್ಯಾಂಕಿನ ನೀರು ಮುಟ್ಟಿ ನೋಡಿ, ರಾತ್ರಿಯಿಡೀ ಚಳಿಗೆ ನಿಂತು ಕೊರೆಯುತ್ತಿರುತ್ತದೆ. ಬಾವಿ ನೀರು ಆ ಹೊತ್ತಿಗೆ ಉಗುರು ಬೆಚ್ಚಗೆ ಅನ್ನಿಸುತ್ತದೆ. ಹಂಡೆಗೆ ಆಗತಾನೇ ಸೇದಿದ ನೀರು ಹಾಕಿದರೆ ಬೇಗ ಕಾಯುತ್ತದೆ.

ಹಂಡೆಗೊಂದು ಕಾನೂನಿದೆ: ಸ್ನಾನ ಮಾಡಿದವರು ತೆಗೆದಷ್ಟು ನೀರು ತುಂಬಿಸಿಯೇ ಬರಬೇಕು. ಕೇಳಿಸಿತಾ, ಅಪ್ಪ ಬಚ್ಚಲಿಂದ ಕೂಗಿದ್ದು? ಈವತ್ತು ಮೊದಲು ಸ್ನಾನ ಮಾಡಿದವನು ನಾನೇ. ಬರ್ತೀನಿ, ಕೊಡಪಾನ ಎಲ್ಲಿಟ್ಟೆ…