ಮಾಗಡಿ ಕೆರೆಯ ಹೆಬ್ಬಾತುಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಕ್ಕಿ ನೋಡಲು ಹೊರಟವರಿಗೆ ನಾನು ಮೊದಲು ಹೇಳುವ ಮಾತು ಇದು: ಬೆಳಕು ಹರಿಯುತ್ತಲೇ ದಂಡೆಗೆ ಧಾವಿಸಬೇಡಿ, ಸುತ್ತಲಿನ ಹೊಲಗಳತ್ತ ಕಣ್ಣು ಹಾಯಿಸಿ. ಆ ಕೆರೆಗೆ ಹೆಸರು ತಂದ ಪಟ್ಟೆತಲೆ ಹೆಬ್ಬಾತು ಆ ಹೊತ್ತಿಗೆ ಹೊಲದಲ್ಲಿ ಮೇಯುತ್ತಿರುತ್ತದೆ. ಎಳೆ ಚಿಗುರು, ಹುಲ್ಲು, ಉದುರಿದ ಕಾಳು ಅದರ ಆಹಾರ. ಬಿಸಿಲೇರಿದ ಮೇಲೆ ಹಿಂಡು ಹಿಂಡಾಗಿ ಬಂದು ನೀರಿಗಿಳಿಯುತ್ತದೆ, ವಿಶ್ರಮಿಸುತ್ತದೆ.

ನಿಮ್ಮ ದುರ್ಬೀನಿಗೆ ನಿಜವಾದ ಕೆಲಸ ಆಗ. ಇಡೀ ಹಿಂಡನ್ನು ಒಮ್ಮೆಲೇ ನೋಡಲು ಹೋಗದೆ ಒಂದೇ ಹಕ್ಕಿಯನ್ನು ಆರಿಸಿಕೊಳ್ಳಿ. ಬೂದು ಮೈ, ಬಿಳಿ ತಲೆ. ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳು, ಮೇಲಿನದು ಕಣ್ಣಿನಿಂದ ಕಣ್ಣಿಗೆ ಎಳೆದಂತೆ, ಕೆಳಗಿನದು ತುಸು ಗಿಡ್ಡ. ಹಳದಿ ಕೊಕ್ಕಿನ ತುದಿಯಲ್ಲಿ ಒಂದು ಕಪ್ಪು ಚುಕ್ಕೆ. ಪಕ್ಕದಲ್ಲೇ ಪಟ್ಟೆಗಳಿಲ್ಲದ, ನೆತ್ತಿಯೆಲ್ಲ ಮಾಸಲು ಕಂದಾದ ಹಕ್ಕಿಯೊಂದು ಕಂಡೀತು. ಅದು ಈ ವರ್ಷದ ಮರಿ. ಮಧ್ಯ ಏಷ್ಯಾದ ಎತ್ತರದ ಸರೋವರಗಳ ಬಳಿ ಬೇಸಿಗೆಯಲ್ಲಿ ಮೊಟ್ಟೆಯೊಡೆದು ಬಂದದ್ದು, ಕೆಲವೇ ತಿಂಗಳಲ್ಲಿ ತಂದೆತಾಯಿಯ ಜೊತೆ ಹಿಮಾಲಯವನ್ನು ದಾಟಿ ನಮ್ಮ ಬಯಲುಸೀಮೆಗೆ ಬಂದಿದೆ. ಈ ಹಕ್ಕಿಗಳು 7,000 ಮೀಟರ್‌ಗೂ ಮೇಲೆ ಹಾರಿದ್ದು ದಾಖಲಾಗಿದೆ. ತೆಳುಗಾಳಿಯಲ್ಲಿಯೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗುಣ ಅವುಗಳ ರಕ್ತದಲ್ಲಿದೆ. ಆ ಮರಿಯನ್ನು ನೋಡಿದಾಗಲೆಲ್ಲ ನನ್ನ ಎದೆ ತುಂಬಿ ಬರುತ್ತದೆ.

ಇಷ್ಟು ದೂರ ಬಂದ ಹಕ್ಕಿಯನ್ನು ಒಂದು ಫೋಟೊ ಆಸೆಗೆ ಎಬ್ಬಿಸುವುದು ಅನ್ಯಾಯ. ಹೆಬ್ಬಾತುಗಳು ಕತ್ತು ನೆಟ್ಟಗೆ ಮಾಡಿ ನಿಮ್ಮತ್ತ ನೋಡತೊಡಗಿದರೆ ನೀವು ಆಗಲೇ ಹತ್ತಿರವಾಗಿದ್ದೀರಿ, ಹಿಂದೆ ಸರಿಯಿರಿ.

2024ರಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಮಾಗಡಿ ಕೆರೆಯೂ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಕರ್ನಾಟಕದಿಂದ ಅದಕ್ಕೂ ಮೊದಲು, 2022ರಲ್ಲಿ, ಸೇರಿದ್ದು ರಂಗನತಿಟ್ಟು. ಸಂತೋಷದ ಸಂಗತಿಯೇ. ಆದರೆ ರಾಮ್ಸರ್ ಮನ್ನಣೆ ಸಿಕ್ಕಿದ್ದು ಕೆರೆಗೆ. ಹಕ್ಕಿಯ ಹೊಟ್ಟೆ ತುಂಬುವುದು ರೈತರ ಹೊಲದಲ್ಲಿ. ಹಿಂಗಾರಿನ ಬೆಳೆ ಮೊಳೆಯುವಾಗಲೇ ಹಿಂಡು ಇಳಿದರೆ ನಷ್ಟ ಯಾರದು? ಆ ನಷ್ಟವನ್ನು ಸಮಾಜ ಹಂಚಿಕೊಳ್ಳಬೇಕು, ಬೆಳೆ ಪರಿಹಾರ ತಡವಿಲ್ಲದೆ ರೈತನ ಕೈ ಸೇರಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ದಂಡೆಗೆ ಬೇಲಿ ಹಾಕಿಸಿ, ವೀಕ್ಷಣಾ ಗೋಪುರ ಕಟ್ಟಿಸಿಬಿಟ್ಟ ಮಾತ್ರಕ್ಕೆ ಹೆಬ್ಬಾತು ಉಳಿಯುವುದಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ವಲಸೆಯ ಜಾಡು ತಿಳಿಯಲೆಂದು ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಅಂಥದ್ದು ಕಣ್ಣಿಗೆ ಬಿದ್ದರೆ ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ ಮತ್ತು ಅಂಕಿ, ಊರು, ದಿನಾಂಕ ಇಷ್ಟನ್ನು ಬರೆದುಕೊಂಡು ಅರಣ್ಯ ಇಲಾಖೆಗೆ ತಿಳಿಸಿ. ಮಾರ್ಚ್ ಹೊತ್ತಿಗೆ ಅವು ಉತ್ತರಕ್ಕೆ ಹೊರಟುಬಿಡುತ್ತವೆ. ಹೋಗುವುದಾದರೆ ಡಿಸೆಂಬರ್, ಜನವರಿಯಲ್ಲೇ ಹೋಗಿ ಬನ್ನಿ.

ನಮಸ್ಕಾರ.